ಹುಮನಾಬಾದಿನ ಮಿಕ್ಸಿಂಗ್‌ನವನೂ ಮೋರಖಂಡಿಯ ಏಳನೆಯ ದನಿಯೂ

ನಮ್ಮ ಓಣಿಯ ಇಬ್ಬರು ಗೆಳೆಯರು ಸೇರಿ ಬಸವಕಲ್ಯಾಣದಲ್ಲಿ ಹೊಸದಾಗಿ ರೆಕಾರ್ಡಿಂಗ್ ಸ್ಟುಡಿಯೋ ತೆರೆದಿದ್ದಾರೆ. ಮೊನ್ನೆ ಮನೆಗೆ ಬಂದು ಕುಳಿತು, "ಕಾಕಾ, ರೆಕಾರ್ಡಿಂಗ್ ನಾವೇ ಮಾಡ್ತೀವಿ. ಮಿಕ್ಸಿಂಗಿಗಿ ಹೊರಗಿನವರನ್ನ ಹಿಡೀಬೇಕಂತ ಮಾಡೀವಿ. ಹ್ಯಾಂಗ ಹಿಡೀಬೇಕು ಹೇಳ್ರಿ" ಎಂದರು. ಕೆರೆಯಲ್ಲಿ ಮೀನು ಹಿಡಿಯುವುದನ್ನು ಕೇಳಿದ ಹಾಗೆ ಕೇಳಿದರು. ಚಹಾ ಮುಗಿಯುವುದರೊಳಗೆ ಹೇಳಿ ಕಳಿಸೋಣವೆಂದುಕೊಂಡೆ. ಆಗಲಿಲ್ಲ. ಯಾವ ಬುದ್ಧಿಮಾತು ಹೇಳಹೋದರೂ ಅದರ ಹಿಂದೆ ನನ್ನದೇ ಒಂದು ತಪ್ಪು ಎದ್ದು ಬರುತ್ತಿತ್ತು. ಬಾಯಲ್ಲಿ ಹೇಳಲು ನಾಚಿಕೆಯಾದದ್ದನ್ನು ಬರೆದು ಕೊಡುತ್ತಿದ್ದೇನೆ. ಓದಿ ನಕ್ಕರೆ ಬೇಸರವಿಲ್ಲ, ನಕ್ಕ ಮೇಲೆ ನನ್ನ ಹಾಗೆ ಮಾಡದಿದ್ದರೆ ಸಾಕು.

ನಾನು ಓದಿದ್ದು ಹೈಸ್ಕೂಲಿನವರೆಗೆ. ಮೊದಲು ನಮ್ಮ ಮಾಲಕರ ಬಟ್ಟೆ ಅಂಗಡಿಯಲ್ಲಿ ಬಟ್ಟೆ ಅಳೆಯುತ್ತಿದ್ದೆ. ಅಂಗಡಿಯ ಮೇಲಿನ ಕೋಣೆ ಖಾಲಿ ಬಿದ್ದಿತ್ತು. ಯಾರೋ ಅವರ ತಲೆಯಲ್ಲಿ ಸ್ಟುಡಿಯೋ ಹುಳ ಬಿಟ್ಟರು. ಗೋಡೆಗೆ ಹಳೆಯ ಗಾದಿ ಬಡಿಸಿ, ಒಂದು ಕಂಪ್ಯೂಟರ್ ತರಿಸಿ, ನನ್ನನ್ನು ಕರೆದು, "ವೈಜನಾಥ, ನೀ ಭಜನ್ಯಾಗ ತಬಲಾ ಬಡೀತಿದ್ದೆಲ್ಲ, ಇನ್ನ ಮ್ಯಾಲ ಇದನ್ನ ನೀನೇ ನೋಡು" ಎಂದರು. ನನ್ನ ನೇಮಕಾತಿ ಆದದ್ದು ಹೀಗೆ. ಅಂದಿನಿಂದ ಮೊಣಕಾಲು ಮೆಟ್ಟಿಲು ಹತ್ತಲಾರೆ ಎನ್ನುವವರೆಗೂ ಅದೇ ಕೋಣೆಯಲ್ಲಿದ್ದೆ.

ಮಿಕ್ಸಿಂಗ್ ಎಂದರೇನು ಎಂದು ನಾನು ಗಿರಾಕಿಗಳಿಗೆ ಹೇಳುತ್ತಿದ್ದ ರೀತಿಯಲ್ಲೇ ಹೇಳುತ್ತೇನೆ. ಹಾರ್ಮೋನಿಯಂ, ತಬಲಾ, ತಾಳ, ಒಬ್ಬೊಬ್ಬರ ದನಿ ಎಲ್ಲವನ್ನೂ ಬೇರೆ ಬೇರೆ ಮೈಕಿನಲ್ಲಿ ಹಿಡಿದಿರುತ್ತೇವೆ. ಅವನ್ನೆಲ್ಲ ಒಟ್ಟಿಗೆ ಬಿಟ್ಟರೆ ಮದುವೆ ಮನೆಯಲ್ಲಿ ಊಟಕ್ಕೆ ಬಿಟ್ಟ ಹಾಗೆ ಗದ್ದಲ. ಯಾರನ್ನು ಮುಂದೆ ಕೂರಿಸಬೇಕು, ಯಾರನ್ನು ಹಿಂದೆ, ಯಾರು ಯಾರ ಪಕ್ಕ ಕುಳಿತರೆ ಜಗಳವಾಗುವುದಿಲ್ಲ ಎಂದು ನೋಡಿ ಕೂರಿಸುವವನು ಮಿಕ್ಸಿಂಗ್‌ನವನು. ನಮಗೆ ದಿನಾ ಆ ಕೆಲಸ ಇರುತ್ತಿರಲಿಲ್ಲ. ಹಾಗಾಗಿ ಹಾಡು ಬಂದಾಗ ಹೊರಗಿನವರಿಗೆ ಕೊಡುತ್ತಿದ್ದೆವು.

ಮೊದಲು ಹಿಡಿದವನನ್ನು ನಾನು ಅವನ ಹೆಡ್‌ಫೋನ್ ನೋಡಿ ಹಿಡಿದೆ. ಎರಡೂ ಕಿವಿಯ ಮೇಲೆ ಎರಡು ರೊಟ್ಟಿ ಕಟ್ಟಿಕೊಂಡಷ್ಟು ದೊಡ್ಡದಿತ್ತು. ಮಾತು ಕಡಿಮೆ, ಕಣ್ಣು ಮುಚ್ಚಿ ತಲೆ ಆಡಿಸುತ್ತಿದ್ದ. ದೊಡ್ಡ ವಿದ್ವಾಂಸನೇ ಇರಬೇಕು ಎಂದುಕೊಂಡೆ. ಅವನಿಗೆ ಗೊತ್ತಿದ್ದದ್ದು ಒಂದೇ ವಿದ್ಯೆ, ಎಕೋ. ನಮ್ಮ ಮಾಲಕರಿಗೂ ಅದೇ ಬೇಕಿತ್ತು. ಅವರು ಕೆಳಗೆ ಸೀರೆ ಮಡಚುತ್ತ ನಿಂತು, "ಇನ್ನಾ ಜರಾ ಗುಂಯ್ ಅನ್ಲಿ!" ಎಂದು ಕೂಗುತ್ತಿದ್ದರು. ಮೇಲೆ ಇವನು ಗುಂಯ್ ಅನ್ನಿಸುತ್ತಿದ್ದ. ರಾಜೇಶ್ವರದ ನಿವೃತ್ತ ಮಾಸ್ತರರೊಬ್ಬರು ಬಹಳ ಭಕ್ತಿಯಿಂದ ವಚನ ಹಾಡಿ ಹೋಗಿದ್ದರು. ತಯಾರಾದದ್ದನ್ನು ಕೇಳಿಸಿದೆ. ಮಾಸ್ತರರು ಕನ್ನಡಕ ತೆಗೆದು ಒರೆಸಿದರು. ಭಾವುಕರಾದರೆಂದು ತಿಳಿದೆ. ಅವರು, "ವೈಜನಾಥ, ನಾ ಬಾವ್ಯಾಗ ಬಿದ್ದು ಕೂಗಿದಂಗ ಕೇಳ್ತದಲ್ಲೋ. ಯಾರರೆ ಹಗ್ಗ ಇಳಿಬಿಡ್ರಿ" ಎಂದರು.

ಇದರಿಂದ ನಾನು ಕಲಿತದ್ದಿಷ್ಟು. ಮಿಕ್ಸಿಂಗ್‌ನವನ ಕೆಲಸವನ್ನು ಅವನ ಕೋಣೆಯಲ್ಲಿ ಕುಳಿತು ಕೇಳಬಾರದು. ಅವನ ಕೋಣೆಯಲ್ಲಿ ಅವನ ಸ್ಪೀಕರಿನಲ್ಲಿ ಎಲ್ಲವೂ ಚೆಂದವೇ. ನಮ್ಮ ಗಿರಾಕಿಗಳ ಹಾಡು ಬಾಳುವುದು ಟ್ರ್ಯಾಕ್ಟರಿನಲ್ಲಿ, ಹಿಟ್ಟಿನ ಗಿರಣಿಯಲ್ಲಿ, ಒಲೆಯ ಪಕ್ಕ ಇಟ್ಟ ಮೊಬೈಲಿನಲ್ಲಿ. ಆಮೇಲೆ ಹಿಡಿದ ಮಿಕ್ಸಿಂಗಿನವನು ಇರ್ಫಾನ್ ನನಗೆ ಸಿಕ್ಕದ್ದು ಹಾಗೆಯೇ. ಒಮ್ಮೆ ಮುಡಬಿಗೆ ಹೋಗುವ ಆಟೋದಲ್ಲಿ ಮಂದಿಯ ನಡುವೆ ಒತ್ತಿಕೊಂಡು ಕುಳಿತಿದ್ದೆ. ಆಟೋದ ತಗಡು ಬಡಿದುಕೊಳ್ಳುತ್ತಿತ್ತು, ಪಕ್ಕದಲ್ಲೊಂದು ಕೋಳಿ ಬುಟ್ಟಿ. ಅಷ್ಟರ ಮಧ್ಯೆಯೂ ಹಾಡಿನ ಒಂದೊಂದು ಮಾತು ಬಿಡಿಸಿಟ್ಟ ಹಾಗೆ ಕೇಳುತ್ತಿತ್ತು. ಯಾರು ಮಾಡಿದ್ದೆಂದು ಡ್ರೈವರನನ್ನು ಕೇಳಿದೆ. "ಹುಮನಾಬಾದ್ ಇರ್ಫಾನ್ ಭಾಯಿ. ನಮ್ಮ ಆಟೋದಾಗೇ ಕುಂತು ಕೇಳಿ ಕೇಳಿ ಬರಾಬರ್ ಮಾಡ್ತಾನ್ರಿ" ಎಂದ.

ಮರುದಿನವೇ ಫೋನ್ ಮಾಡಿ ಕರೆಸಿದೆ. ಇಬ್ಬರು ಮಕ್ಕಳ ತಂದೆ, ತೆಳ್ಳಗಿನ ಆಳು, ಹೆಡ್‌ಫೋನೂ ತೆಳ್ಳಗಿನದೇ. ಬ್ಯಾಂಡಿನವರ ಹಾಡು, ಕವ್ವಾಲಿ, ಚುನಾವಣೆಯ ಹಾಡು, ಎಲ್ಲವನ್ನೂ ಮನೆಯಲ್ಲೇ ಕುಳಿತು ಮಾಡುತ್ತಿದ್ದ. ಕೆಲಸ ಒಪ್ಪುವ ಮೊದಲು ಅವನು ಒಂದು ಮಾತು ಕೇಳಿದ.

"ಕಾಕಾ, ಇಲ್ಲಿ ಮೂರು ಮಂದಿ ಇದ್ದೀರಿ. ಹಾಡಿದವರು ಒಬ್ಬರು, ನಿಮ್ಮ ಮಾಲಕರು ಒಬ್ಬರು, ನೀವೊಬ್ಬರು. ನಾ ಯಾರ ಮಾತು ಕೇಳ್ಬೇಕು?"

"ನನ್ನ ಮಾತು" ಎಂದೆ. ಎದೆ ಸ್ವಲ್ಪ ಉಬ್ಬಿಸಿಯೇ ಹೇಳಿದೆ ಅನಿಸುತ್ತದೆ.

ಹೊಸಬರೇ, ಇಲ್ಲಿ ಪೆನ್ಸಿಲಿನಲ್ಲಿ ಗೆರೆ ಹಾಕಿಕೊಳ್ಳಿ. ಈ ಪ್ರಶ್ನೆ ಕೇಳುವವನನ್ನೇ ಕೆಲಸಕ್ಕೆ ಹಿಡಿಯಿರಿ. ಆದರೆ ನಾನು ಕೊಟ್ಟ ಉತ್ತರ ಕೊಡಬೇಡಿ.

ಅದರಿಂದಾದ ಫಜೀತಿ ಇದು. ಮೋರಖಂಡಿಯಿಂದ ಏಳು ಜನ ಹೆಣ್ಣುಮಕ್ಕಳ ಭಜನಾ ಮೇಳ ಬಂತು. ಶ್ರಾವಣದೊಳಗೆ ತಮ್ಮ ಪದಗಳನ್ನು ರೆಕಾರ್ಡ್ ಮಾಡಿಸಿ ಮೊಬೈಲಿಗೆ ಹಾಕಿಸಿಕೊಳ್ಳಬೇಕೆಂದು ಅವರ ಆಸೆ. ಮೇಳದ ಮುಂದಾಳು ಶಾಂತಾಬಾಯಿ. ಹಾರ್ಮೋನಿಯಂ ಅವರದೇ, ದನಿಯೂ ಚೆಂದ. ಎರಡನೆಯ ದನಿ ಮಹಾದೇವಿ ಎಂಬಾಕೆಯದು, ಅದೂ ಚೆಂದ. ತಾಳ ಬಾರಿಸುವವರು ಕಸ್ತೂರಬಾಯಿ. ಅವರ ಕೈಯಲ್ಲಿದ್ದ ಲಯ ಅವರ ಕೊರಳಲ್ಲಿ ಇರಲಿಲ್ಲ. ಎಣ್ಣೆ ಕಾಣದ ಬಾಗಿಲು ತೆರೆದ ಹಾಗೆ ಅವರ ದನಿ. ಎಲ್ಲರೂ ಒಂದು ಕಡೆ ಹೋಗುತ್ತಿದ್ದರೆ ಆ ದನಿ ರಸ್ತೆ ಬಿಟ್ಟು ಹೊಲದಲ್ಲಿ ನಡೆಯುತ್ತಿತ್ತು, ಅದೂ ಬಹಳ ಧೈರ್ಯದಿಂದ.

ಮೇಳದ ಹಾರ್ಮೋನಿಯಂ ಹೊತ್ತುಕೊಂಡು ಕಸ್ತೂರಬಾಯಿಯ ಗಂಡ ಮಾಣಿಕಪ್ಪನವರೂ ಮೆಟ್ಟಿಲು ಹತ್ತಿ ಬಂದಿದ್ದರು. ನಾನು ಕಸ್ತೂರಬಾಯಿಯ ಮುಂದೆ ಮೈಕ್ ನಿಲ್ಲಿಸುವಾಗ ಅವರು, "ಅಣ್ಣಾರ, ಜರಾ ದೂರ ಇಡ್ರಿ. ಮಷೀನ್ ಹೊಸಾದು ಕಾಣ್ತದ, ಒಡದು ಗಿಡದೀತು" ಎಂದರು.

"ಕೆಳಗ ಹೋಗಿ ಚಾ ಕುಡೀರಿ. ನಿಮಗೇನು ಇಲ್ಲಿ ಕೆಲಸ?" ಎಂದರು ಕಸ್ತೂರಬಾಯಿ.

"ಮನ್ಯಾಗ ಪುಕ್ಕಟೆ ಕೇಳ್ತೀನಿ, ಇಲ್ಲಿ ಯಾಕ ಕುಂದರ್ಲಿ?" ಎನ್ನುತ್ತ ಅವರು ಇಳಿದು ಹೋದರು. ಹೆಂಗಸರೆಲ್ಲ ನಕ್ಕರು, ಕಸ್ತೂರಬಾಯಿಯೂ ನಕ್ಕರು.

ತಾಳದ ಸದ್ದು ಉಳಿದವರ ಮೈಕಿಗೆ ನುಗ್ಗಬಾರದೆಂದು ಕಸ್ತೂರಬಾಯಿಯನ್ನು ಒಂದು ಮೂಲೆಗೆ ಕೂರಿಸಿ ಏಳನೆಯ ಮೈಕನ್ನು ಬೇರೆಯಾಗಿಯೇ ಕೊಟ್ಟೆ. ಅವರ ತಾಳ, ಅವರ ದನಿ ಎರಡೂ ಆ ಒಂದೇ ಮೈಕಿನಲ್ಲಿ. ಅವರಿಗೆ ಬಹಳ ಸಂತೋಷವಾಯಿತು. "ನನಗೊಬ್ಬಾಕಿಗೇ ಸಪರೇಟ್ ಮೈಕಾ?" ಎಂದರು. ಮೈಕಿನ ತಂತಿ ಸರಿಮಾಡುತ್ತಿದ್ದ ನನಗೆ ಮೆಲ್ಲಗೆ ಹೇಳಿದರು: "ಸಣ್ಣಾಕಿದ್ದಾಗಿಂದ ಹಾಡಂದವರು ಯಾರೂ ಇಲ್ರಿ ಅಣ್ಣಾರ. ಮದುವ್ಯಾಗ ಸೋಬಾನ ಪದಾ ಹಾಡಾಕ ಬಾಯಿ ತೆಗದ್ರ, ಏ ಕಸ್ತೂರಿ ನೀ ಅಕ್ಕಿ ಹಸನ ಮಾಡೋಗು ಅಂತಿದ್ರು. ಈ ಮೇಳದಾಗ ತಾಳದ ನೆವದ ಮ್ಯಾಲ ಹಾಡಾಕತ್ತೇನಿ. ಇವತ್ತು ಮಷಿನ್ಯಾಗ ಬರ್ತದ ಅಂದ್ರ..." ಅಷ್ಟರಲ್ಲಿ ಶಾಂತಾಬಾಯಿ ಶ್ರುತಿ ಹಿಡಿದರು, ಮಾತು ನಿಂತಿತು.

ಇದನ್ನು ನಾನು ಕೇಳಿಸಿಕೊಂಡಿದ್ದೆ. ಗೊತ್ತಿಲ್ಲದೆ ಮಾಡಿದೆ ಎನ್ನುವಂತಿಲ್ಲ, ಅದಕ್ಕೇ ಬರೆದೆ.

ಹೋಗುವಾಗ ಶಾಂತಾಬಾಯಿ ಬಾಗಿಲ ಹತ್ತಿರ ನಿಂತು, "ಅಣ್ಣಾರ, ನಮ್ಮ ಕಸ್ತೂರಬಾಯಿ ದನಿ ಜರಾ ಹಿಂದ ಇಡ್ರಿ" ಎಂದರು. ನಾನು ತಲೆಯಾಡಿಸಿದೆ. ಸಂಜೆ ಇರ್ಫಾನನಿಗೆ ಒಂದೊಂದು ಮೈಕಿನ ಟ್ರ್ಯಾಕನ್ನೂ ಕಳಿಸಿ ಫೋನ್ ಮಾಡಿದೆ.

"ಆ ಏಳನೇ ಟ್ರ್ಯಾಕ್ ಪೂರಾ ತಗದುಬಿಡು."

"ಹಿಂದ ಇಡ್ತೀನಿ ಕಾಕಾ. ತಗಿಯೂದು ಯಾಕ?"

"ಹಾಡು ಕೆಡಸಾಕತ್ಯಾಳ. ತಗಿ."

"ಆ ಅಕ್ಕಗ ಕೇಳೀರೇನು?"

"ಯಾರ ಮಾತು ಕೇಳ್ಬೇಕಂತ ಪೈಲಾ ದಿನಾನೇ ಮಾತಾಗ್ಯದಲ್ಲ?"

ಅವನು ಫೋನ್ ಇಟ್ಟ. ಎರಡು ದಿನ ಕಳೆದು ಅವನೇ ಫೋನ್ ಮಾಡಿದ. ದನಿಯ ಜೊತೆ ತಾಳವೂ ಹೋಗಿತ್ತು. ಕಂಪ್ಯೂಟರಿನ ತಾಳ ಹಾಕಿದರೆ ಹೊಂದುತ್ತಿರಲಿಲ್ಲ. ಭಜನೆ ಗೊತ್ತಿದ್ದವರಿಗೆ ಇದು ಗೊತ್ತು: ಪದ ನಿಧಾನ ಶುರುವಾಗಿ ಕೊನೆಗೆ ಓಡುತ್ತದೆ. ಓಡಿಸುವವರು ತಾಳದವರು. ಕಂಪ್ಯೂಟರ್ ಮಾತ್ರ ಸರ್ಕಾರಿ ನೌಕರನ ಹಾಗೆ ಮೊದಲಿನಿಂದ ಕೊನೆಯವರೆಗೆ ಒಂದೇ ನಡಿಗೆಯಲ್ಲಿ ಹೋಗುತ್ತದೆ. "ಕಾಕಾ, ಆರೂ ಮಂದಿ ಆ ಅಕ್ಕನ ಹಿಂದ ಓಡ್ಯಾರ. ನೀವು ಅಕೀನ್ನೇ ತಗಿ ಅಂತೀರಿ. ಈಗ ಯಾರ ಹಿಂದ ಓಡ್ಯಾರಂತ ತೋರಸ್ಲಿ?" ಎಂದ. "ಅದನ್ನ ಮಾಡಾಕೇ ನಿನ್ನ ಹಿಡಿದಿದ್ದು" ಎಂದೆ. ಪಾಪ, ಹಾಡನ್ನು ತುಂಡು ತುಂಡು ಮಾಡಿ ಪ್ರತಿ ತುಂಡಿಗೂ ಬೇರೆ ತಾಳ ಹೊಲಿದು ಕೊಟ್ಟ. ಮಾಲಕರು ಕೆಳಗೆ ನಿಂತು ಕೇಳಿ, "ಏ, ಸಿನಿಮಾದಾಗಿನಂಗ ಆಗ್ಯದ!" ಎಂದರು. ನನಗೆ ಅದು ಹೊಗಳಿಕೆಯಾಗಿಯೇ ಕೇಳಿಸಿತು. ಕಂಪ್ಯೂಟರಿನಲ್ಲಿ ಜಾಗ ಆಗಲೆಂದು ಮೇಳದವರ ಮೂಲ ಟ್ರ್ಯಾಕುಗಳನ್ನು ಅಂದೇ ಅಳಿಸಿದೆ.

ಮೇಳದವರು ಕೇಳಲು ಬಂದರು. ಗಾದಿಯ ಗೋಡೆಗೆ ಒರಗಿ ಏಳು ಜನ ಸಾಲಾಗಿ ಕುಳಿತರು. ನಿಮ್ಮ ಸ್ಟುಡಿಯೋಗೂ ಇಂಥವರು ಬರುತ್ತಾರೆ, ಗಮನಿಸಿ. ಯಾರೂ ಹಾಡು ಕೇಳುವುದಿಲ್ಲ, ಹಾಡಿನಲ್ಲಿ ತಮ್ಮನ್ನು ಹುಡುಕುತ್ತಾರೆ. ಒಬ್ಬೊಬ್ಬರ ಮುಖವೂ ತಾನು ಸಿಕ್ಕ ಜಾಗದಲ್ಲಿ ಅರಳುತ್ತದೆ. ನಾನು ಬೇಕೆಂದೇ ಕಸ್ತೂರಬಾಯಿಯ ಕಡೆ ನೋಡಲಿಲ್ಲ. ಎರಡನೆಯ ಪದ ಅರ್ಧಕ್ಕೆ ಬಂದಾಗ ಅವರೇ ಕೈ ಎತ್ತಿದರು.

"ಅಲ್ಲಿ ನೋಡ್ರಿ, ಅಲ್ಲಿ! ಅದು ನಂದು! ಎಷ್ಟು ಚಂದ ಬಂದದ!"

ಅದು ಮಹಾದೇವಿಯ ದನಿ.

ಮಹಾದೇವಿ ಸೆರಗು ಸರಿಮಾಡಿಕೊಂಡಳು. ಶಾಂತಾಬಾಯಿ ನನ್ನ ಕಡೆ ನೋಡಿದರು. ನಾನು, "ಹೌದ್ರಿ, ಚಂದ ಬಂದದ" ಎಂದುಬಿಟ್ಟೆ. ಇಳಿಯುವಾಗ ಶಾಂತಾಬಾಯಿ ಮೆಟ್ಟಿಲ ಮೇಲೆ ನಿಂತು, "ಹಿಂದ ಇಡ್ರಿ ಅಂದಿದ್ದೆ ಅಣ್ಣಾರ, ಹೊರಗ ಹಾಕ್ರಿ ಅಂದಿದ್ದಿಲ್ಲ" ಎಂದು ಹೋದರು. ನನಗಾದರೋ ದೊಡ್ಡ ಭಾರ ಇಳಿದಂತಾಗಿತ್ತು. ಆಕೆಗೂ ಸಂತೋಷ, ಹಾಡಿಗೂ ಸುಖ. ನನ್ನಷ್ಟು ಜಾಣ ಯಾರಿದ್ದಾರೆ ಎಂದುಕೊಂಡು ಆ ರಾತ್ರಿ ಚೆನ್ನಾಗಿ ಮಲಗಿದೆ.

ಒಂದು ವಾರ ಆಗಿರಬಹುದು, ಮಾಣಿಕಪ್ಪನವರು ಒಬ್ಬರೇ ಬಂದರು. ಚಪ್ಪಲಿ ಬಿಡದೆ ಒಳಗೆ ಬಂದದ್ದು ನೋಡಿ ಜಗಳಕ್ಕೇ ಬಂದಿದ್ದಾರೆಂದು ನನಗೆ ಗೊತ್ತಾಯಿತು. ಮೊಬೈಲನ್ನು ಮೇಜಿನ ಮೇಲಿಟ್ಟು, "ನಮ್ಮಕಿ ದನಿ ಎಲ್ಲಿ ಹಾಕೀರಿ?" ಎಂದು ಕೇಳಿದರು.

"ಇದರಾಗೇ ಅದ ಅಲ್ಲೇನ್ರಿ..."

"ಯಾರಿಗಿ ಹೇಳ್ತೀರಿ? ಮದಿವಿ ಆದಾಗಿಂದ ಆ ದನಿ ತಡಕೊಂಡು ಬಂದೀನಿ. ಸಂತ್ಯಾಗ ಸಾವಿರ ಮಂದಿ ಒದರಾಕತ್ತಿದ್ರೂ ನಮ್ಮಕಿದು ಯಾವುದಂತ ಹೇಳ್ತೀನಿ. ಇದರಾಗ ಅಕಿ ಇಲ್ಲ. ಅಕಿ ತಾಳನೂ ಇಲ್ಲ. ಟಿಕ್ ಟಿಕ್ ಅಂತ ಗಡಿಯಾರ ಕೂಡಿಸೀರಿ."

ಅವರು ಬಿಡಲಿಲ್ಲ.

"ಓಣಿ ತುಂಬಾ ಕೇಳಿಸಾಕತ್ಯಾಳ. ಇಲ್ಲಿ ನೋಡ್ರಿ ನಂದು, ಇಲ್ಲಿ ನೋಡ್ರಿ ನಂದು ಅಂತ. ಮಂದಿ ಅಕಿ ಮುಂದ ಹೂಂ ಅಂತಾರ, ಅತ್ತಾಗ ಹೋಗಿ ನಗ್ತಾರ. ನಗೂದಿದ್ರ ಅಕಿ ದನಿಗಿ ನಗಲಿ ಅಣ್ಣಾರ. ನಾನೂ ನಗ್ತೀನಿ, ಅಕೀನೂ ನಗ್ತಾಳ. ಮಂದಿ ದನಿ ತಂದು ನಂದಂತಾಳಂತ ನಗಬಾರ್ದು."

"ನೀವು ಅವರಿಗಿ ಹೇಳೀರೇನು?"

"ನಾ ಯಾಕ ಹೇಳ್ಲಿ? ತಗದವರು ನೀವು."

ಅವರು ಹೋದ ಮೇಲೆ ನಾನು ಬಸ್ಸು ಹಿಡಿದು ಹುಮನಾಬಾದಿಗೆ ಹೋದೆ. ಅಲ್ಲಿಯವರೆಗೆ ಎಲ್ಲವನ್ನೂ ಫೋನಿನಲ್ಲೇ ಮುಗಿಸುತ್ತಿದ್ದೆ, ಇರ್ಫಾನನ ಮನೆ ನೋಡಿದ್ದು ಅದೇ ಮೊದಲು. ಅವನ ಮಂಚದ ಪಕ್ಕದಲ್ಲೇ ಕಂಪ್ಯೂಟರ್ ಇತ್ತು. ಅವನ ಹೆಂಡತಿ ಚಹಾ ತಂದಿಟ್ಟರು. ಏಳನೆಯ ಟ್ರ್ಯಾಕ್ ಇದೆಯೇ ಎಂದು ಕೇಳಿದೆ.

"ಎಲ್ಲಿಂದ ಕಾಕಾ? ತಗಿ ಅಂದ್ರಿ, ತಗದೆ. ಕೆಲಸ ಖತಂ ಆದ ಮ್ಯಾಲ ನಾ ಏನೂ ಇಟ್ಕೊಳ್ಳೂದಿಲ್ಲ. ನಿಮ್ಮ ಕಡಿ ಇಲ್ಲೇನು?"

ನಾನೂ ಅಳಿಸಿದ್ದೇನೆಂದು ಒಪ್ಪಿಕೊಂಡು, ನಡೆದದ್ದನ್ನೆಲ್ಲ ಹೇಳಿದೆ. ಮತ್ತೆ ಎಲ್ಲರನ್ನೂ ಕರೆಸಿ ಹಾಡಿಸುವುದೊಂದೇ ದಾರಿ. ನಾನು ದಾರಿಯಲ್ಲೇ ಒಂದು ಸುಳ್ಳು ಯೋಚಿಸಿಕೊಂಡು ಬಂದಿದ್ದೆ. "ಕಂಪ್ಯೂಟರ್ ಕೆಟ್ಟು ಹಾಡು ಹಾಳಾಗ್ಯಾವ, ಮತ್ತ ಹಾಡ್ರಿ ಅಂದ್ರ ಹ್ಯಾಂಗ?" ಎಂದೆ.

"ಮಸ್ತ್ ಐತಿ. ಆದ್ರ ಹಾಡವ್ರು ಏಳು ಮಂದಿ. ಅದರಾಗ ಆರು ಮಂದಿಗಿ ಖರೆ ಗೊತ್ತದ. ನಿಮ್ಮ ಒಂದು ಸುಳ್ಳು ಆರು ಮನಿ ಬಾಗಿಲಾ ಕಾಯಬೇಕು. ಕಾಯ್ತದೇನು ಕಾಕಾ?"

ಅವನೇ ಎದ್ದು, "ನಡೀರಿ, ನಾನೂ ಬರ್ತೀನಿ. ತಗಸಿದವರು ನೀವಾದ್ರೂ ತಗದ ಕೈ ನಂದು" ಎಂದು ಮೋಟಾರ್ ಸೈಕಲ್ ತೆಗೆದ. ಇಬ್ಬರೂ ಮೋರಖಂಡಿಗೆ ಹೋದೆವು.

ಕಸ್ತೂರಬಾಯಿ ಕಟ್ಟೆಯ ಮೇಲೆ ಕುಳಿತು ತೊಗರಿ ಆರಿಸುತ್ತಿದ್ದರು. ಮಾಣಿಕಪ್ಪನವರು ಒಳಗಿನಿಂದ ನೀರು ತಂದುಕೊಟ್ಟು, ಏನೂ ಗೊತ್ತಿಲ್ಲದವರ ಹಾಗೆ ಬಾಗಿಲಿಗೆ ಒರಗಿ ನಿಂತರು. ನಾನು ನಿಂತುಕೊಂಡೇ ಹೇಳಿದೆ. ನಿಮ್ಮ ದನಿ ತೆಗೆಸಿದವನು ನಾನು, ನೀವು ನಿಮ್ಮದೆಂದು ತೋರಿಸಿದ್ದು ಮಹಾದೇವಿಯದು, ಹೌದೆಂದು ಸುಳ್ಳು ಹೇಳಿದವನೂ ನಾನೇ ಎಂದೆ. ಇಷ್ಟು ಹೇಳುವುದರಲ್ಲಿ ತಂಬಿಗೆಯ ನೀರೆಲ್ಲ ಕುಡಿದು ಮುಗಿಸಿದ್ದೆ.

ಅವರು ಮೊರದಲ್ಲಿದ್ದ ಒಂದು ಕಲ್ಲು ಆರಿಸಿ ಎಸೆದರು.

"ಮಹಾದೇವಿ ಬಾಜೂಕ ಕುಂತು ಇಷ್ಟು ವರ್ಷ ಹಾಡೀನಿ. ಅಕಿ ದನಿ ನನಗ ಗೊತ್ತಿಲ್ಲೇನು ಅಣ್ಣಾರ?"

ನನಗೆ ಅರ್ಥವಾಗಲಿಲ್ಲ. "ಮತ್ತ ಅವತ್ತು ನಿಮ್ದಂತ..."

"ನಾ ಇಲ್ಲಂತ ಮೊದಲನೇ ಪದಕ್ಕೇ ಗೊತ್ತಾತು. ಇದು ನಿಂದಲ್ಲ ಕಸ್ತೂರಿ, ನಿಂದು ಇದರಾಗ ಇಲ್ಲ ಅಂತ ಯಾರರೆ ಒಬ್ಬರು ಹೇಳ್ತೀರೇನಂತ ನೋಡಿದೆ. ನೀವು ಹೇಳಲಿಲ್ಲ. ಶಾಂತಕ್ಕ ಹೇಳಲಿಲ್ಲ. ಮಹಾದೇವಿ ತನ್ನ ದನಿ ಬಿಟ್ಟುಕೊಟ್ಟು ಕುಂತಳು, ಪಾಪ. ಓಣ್ಯಾಗ ಮನಿ ಮನಿಗಿ ಹೋಗಿ ಕೇಳಿಸಿದೆ. ಎಲ್ಲಾರೂ ಹೂಂ ಅಂದ್ರು. ನನ್ನ ದನಿ ಗುರ್ತು ಇದ್ದವರು ಊರಾಗ ಒಬ್ಬರೂ ಇಲ್ಲಂತ ತಿಳಕೊಂಡೆ."

"ಹಂಗ ಅನ್ನಬ್ಯಾಡ್ರಿ" ಎಂದೆ. "ಒಬ್ಬರು ಚಪ್ಪಲಿ ಕಾಲಲೇ ಸ್ಟುಡಿಯೋಕ್ಕ ನುಗ್ಗಿ ನನ್ನ ಜಾಡಿಸಿ ಹೋಗ್ಯಾರ. ಅದಕ್ಕೇ ನಾ ಇಲ್ಲಿ ಬಂದೀನಿ."

"ಯಾರು?"

ನಾನು ಬಾಗಿಲ ಕಡೆ ನೋಡಿದೆ. ಮಾಣಿಕಪ್ಪನವರು ಛತ್ತಿನ ಕಡೆ ನೋಡತೊಡಗಿದರು, ಅಲ್ಲೇನೋ ದುರಸ್ತಿ ಬಾಕಿ ಇದೆ ಎನ್ನುವ ಹಾಗೆ. ಕಸ್ತೂರಬಾಯಿ ಬಹಳ ಹೊತ್ತು ಅವರನ್ನೇ ನೋಡಿದರು. ಆಮೇಲೆ, "ಬಸ್ ಚಾರ್ಜ್ ಖರ್ಚ ಮಾಡಿ ಹೋಗಿದ್ರೇನು?" ಎಂದರು.

"ಕಲ್ಯಾಣದಾಗ ಬ್ಯಾರೆ ಕೆಲಸಿತ್ತು" ಎಂದರು ಅವರು.

ಮತ್ತೆ ರೆಕಾರ್ಡಿಂಗ್ ಆಯಿತು. ಕಸ್ತೂರಬಾಯಿಯ ತಾಳಕ್ಕೊಂದು, ದನಿಗೊಂದು ಬೇರೆ ಬೇರೆ ಮೈಕ್ ಇಟ್ಟೆ. ಉಳಿದ ಆರು ಜನರೂ ತಕರಾರಿಲ್ಲದೆ ಬಂದರು. ಮಹಾದೇವಿ ದಾರಿಯಲ್ಲಿ ಕಸ್ತೂರಬಾಯಿಯ ಕೈ ಹಿಡಿದುಕೊಂಡೇ ಬಂದಳೆಂದು ಶಾಂತಾಬಾಯಿ ಹೇಳಿದರು. ಈ ಸಲ ಮಿಕ್ಸಿಂಗನ್ನು ಹುಮನಾಬಾದಿಗೆ ಕಳಿಸಲಿಲ್ಲ. ಇರ್ಫಾನನೇ ಬಂದು ನಮ್ಮ ಕೋಣೆಯಲ್ಲಿ ಎಲ್ಲರ ಎದುರು ಕುಳಿತ. ಮಾಲಕರು ಕೆಳಗಿನಿಂದ, "ಗುಂಯ್..." ಎಂದು ಶುರುಮಾಡಿದರು. ನಾನು ಬಾಗಿಲು ಹಾಕಿದೆ. ನನ್ನ ನೌಕರಿಯಲ್ಲಿ ಅವರ ಮಾತಿಗೆ ಬಾಗಿಲು ಹಾಕಿದ್ದು ಅದೊಂದೇ ಸಲ.

ಇರ್ಫಾನ್ ತನ್ನ ಹೆಡ್‌ಫೋನ್ ತೆಗೆದು ಕಸ್ತೂರಬಾಯಿಯ ತಲೆಗೆ ಹಾಕಿದ. ಅವರ ಒಬ್ಬರದೇ ದನಿ ಕೇಳಿಸಿದ. ಅವರು ಉಸಿರು ಹಿಡಿದು ಕೇಳಿದರು. ಕಣ್ಣು ದೊಡ್ಡವಾದವು. ಹೆಡ್‌ಫೋನ್ ಕಿತ್ತು, "ಯವ್ವಾ! ಹಿಂಗ ಅದ ಏನು ನಂದು?" ಎಂದರು. ಮೊದಲು ನಕ್ಕವರು ಅವರೇ. ಆಮೇಲೆ ಕೋಣೆಯೆಲ್ಲ ನಕ್ಕಿತು.

"ಎಷ್ಟು ಇಡ್ಲಿ ಅಕ್ಕಾ? ನೀವು ಹೇಳಿದಷ್ಟು" ಎಂದ ಇರ್ಫಾನ್.

ನಾನು ಬಾಯಿ ಬಿಡಲಿಲ್ಲ. ಶಾಂತಾಬಾಯಿಯೂ ಬಿಡಲಿಲ್ಲ. ಕಸ್ತೂರಬಾಯಿ ಯೋಚಿಸಿದರು.

"ಹಿಂದೇ ಇಡಪ್ಪ. ಹಾಡು ಕೆಡಬಾರ್ದು. ತಾಳ ಜೋರ ಇರಲಿ. ದನಿ..." ಗಂಡನ ಕಡೆ ಬೆರಳು ತೋರಿಸಿದರು. "ದನಿ ಇವರಿಗಿ ಕೇಳೂವಷ್ಟು ಇಟ್ರ ಸಾಕು."

ಮಾಣಿಕಪ್ಪನವರನ್ನು ಸ್ಪೀಕರಿನ ಎದುರು ಕೂರಿಸಿದೆವು. ಇರ್ಫಾನ್ ಕಸ್ತೂರಬಾಯಿಯ ದನಿಯನ್ನು ಪೂರ್ತಿ ಕೆಳಗಿಳಿಸಿ ಹಾಡು ಬಿಟ್ಟ. ಶಾಂತಾಬಾಯಿಯ ದನಿ, ಮಹಾದೇವಿಯ ದನಿ ಕೇಳುತ್ತಿದ್ದವು, ತಾಳ ಓಡುತ್ತಿತ್ತು. ಅವನು ಒಂದೊಂದೇ ಕೂದಲಷ್ಟು ಏರಿಸುತ್ತ ಹೋದ. ನನಗೇನೂ ಕೇಳಿಸಲಿಲ್ಲ. ಮಾಣಿಕಪ್ಪನವರು ಕಣ್ಣು ಮುಚ್ಚಿ, ತಲೆ ಒಂದಿಷ್ಟು ವಾರೆ ಮಾಡಿ ಕುಳಿತಿದ್ದರು. ಇನ್ನೂ ಏರಿಸಿದ. ನನ್ನ ಕಿವಿಗೆ ಆಗಲೂ ಆರೇ ದನಿ.

ಮಾಣಿಕಪ್ಪನವರು ಕೈ ಎತ್ತಿದರು.

"ಹಾಂ. ಬಂದ್ಲು ನೋಡ್ರಿ."

ಇರ್ಫಾನ್ ಅಲ್ಲಿಗೇ ಬಿಟ್ಟ.